ನಕೂರಿನ ಮನೆಯ ಸ್ವಾಹಿಲಿ

ಡೆಲ್ಫಿನ್ ಬಾಯಿಗೆ ಸ್ವಾಹಿಲಿ ಬರುತ್ತದೆ ಎಂಬುದು ಬರ್ ದುಬೈಯ ಆ ಫ್ಲ್ಯಾಟಿನಲ್ಲಿ ಬಂಗಾರದ ಹಾಗೆ ಇಟ್ಟುಕೊಂಡಿದ್ದ ಸಂಗತಿ. ಇಟ್ಟುಕೊಳ್ಳುವುದು ಅಂದರೆ ಮುಚ್ಚಿಡುವುದಲ್ಲ ಮತ್ತೆ. ಬಂಗಾರ ಇದ್ದವರು ಮದುವೆಗೆ ಹಾಕಿಕೊಂಡು ಹೋಗದೆ ಇರುತ್ತಾರಾ? ಮಗ ಯುಜಿನ್‌ಗೆ ಚರ್ಚಿನ ಅಂಗಳದಲ್ಲಿ ಊರಿನವರು ಯಾರಾದರೂ ಸಿಕ್ಕಿದರೆ ಸಾಕು. "ನಮ್ಮ ಮಾಂಯ್ ಹುಟ್ಟಿದ್ದು ಕೆನ್ಯಾದಲ್ಲಿ ಮಾರಾಯ್ರೆ. ಸ್ವಾಹಿಲಿ ಅಂದ್ರೆ ಅವರಿಗೆ ನೀರು ಕುಡಿದ ಹಾಗೆ" ಎಂದು ಶುರು ಮಾಡುತ್ತಿದ್ದ. ಕೇಳಿದವರು ಹೌದಾ ಹೌದಾ ಎನ್ನುತ್ತಿದ್ದರು. ಪರೀಕ್ಷೆ ಮಾಡಿ ನೋಡಲಿಕ್ಕೆ ಅಲ್ಲಿ ಯಾರಿಗೆ ಸ್ವಾಹಿಲಿ ಬರುತ್ತಿತ್ತು?

ಸಂಗತಿ ಸುಳ್ಳೇನಲ್ಲ. ಡೆಲ್ಫಿನ್ ಬಾಯಿಯ ಅಪ್ಪ ಬ್ರಿಟಿಷರ ಕಾಲದಲ್ಲಿ ಕೆನ್ಯಾದ ನಕೂರು ಎಂಬ ಊರಲ್ಲಿ ರೈಲ್ವೆ ಗುಮಾಸ್ತರಾಗಿದ್ದರು. ಮಗಳು ಹುಟ್ಟಿ, ಕಾನ್ವೆಂಟಿನಲ್ಲಿ ಕಲಿತು, ದೊಡ್ಡವಳಾದದ್ದು ಅಲ್ಲೇ. ಆ ದೇಶಕ್ಕೆ ಸ್ವಾತಂತ್ರ್ಯ ಬಂದ ವರ್ಷ ಅಪ್ಪ ಗಂಟುಮೂಟೆ ಕಟ್ಟಿ ಎಲ್ಲರನ್ನೂ ಹಡಗು ಹತ್ತಿಸಿ ಮಂಗಳೂರಿಗೆ ಕರೆದುಕೊಂಡು ಬಂದರು. ಆಮೇಲೆ ಮದುವೆ, ಮಕ್ಕಳು, ಗಂಡನ ಸಾವು. ಈಗ ಎಪ್ಪತ್ತೆಂಟರ ಹತ್ತಿರದ ವಯಸ್ಸಲ್ಲಿ ವಿಸಿಟ್ ವೀಸಾದ ಮೇಲೆ ಮಗನ ಮನೆ.

ಬಂದ ದಿನವೇ ಒಂದು ಪ್ರದರ್ಶನ ಆಗಿಹೋಗಿತ್ತು. ಕಟ್ಟಡದ ಬಾಗಿಲಲ್ಲಿ ಯುಗಾಂಡದ ಸೆಕ್ಯೂರಿಟಿಯವನು ನಿಂತಿದ್ದ. ಡೆಲ್ಫಿನ್ ಬಾಯಿ ಟ್ಯಾಕ್ಸಿ ಇಳಿದವರೇ, "ವೆವೆ! ಕೂಜ ಹಪ!" ಎಂದು ಕೈ ತಟ್ಟಿ ಕರೆದರು. ಅವನು ಒಂದು ಕ್ಷಣ ನೋಡಿ, ನಕ್ಕು, ಬಂದು ಪೆಟ್ಟಿಗೆ ಎತ್ತಿಕೊಂಡ. "ನೋಡಿದ್ಯಾ ರೋಸಿ, ಅವನಿಗೆ ಎಷ್ಟು ಖುಷಿಯಾಯ್ತು ಅಂತ! ಅವರ ಭಾಷೆ ಕೇಳಿ!" ಅಂದ ಯುಜಿನ್. ಅವನ ಹೆಂಡತಿ ರೋಸಿ ಒಂದು ಕ್ಲಿನಿಕ್ಕಿನಲ್ಲಿ ನರ್ಸ್. ದಿನವಿಡೀ ಜನರ ಮುಖ ನೋಡುವ ಕೆಲಸ ಅವಳದ್ದು. ಅವನ ನಗೆ ಅವಳಿಗೆ ಖುಷಿಯ ಹಾಗೆ ಕಾಣಲಿಲ್ಲ. ಆದರೆ ಅತ್ತೆ ಬಂದ ದಿನವೇ ಯಾಕೆ ಬಾಯಿ ಬಿಡುವುದು ಎಂದು ಸುಮ್ಮನಿದ್ದಳು.

ಇನ್ನು ನತಾಶಾ. ಇವರ ಒಬ್ಬಳೇ ಮಗಳು, ಹತ್ತನೇ ಕ್ಲಾಸು. ನಾಲ್ಕು ಜನರ ಎದುರು ನಿಂತರೆ ಗಂಟಲು ಕಟ್ಟುವ ಹುಡುಗಿ. ಅಂಥವಳನ್ನು ಈ ವರ್ಷ ಹೊಸತಾಗಿ ಬಂದ ಇಂಗ್ಲಿಷ್ ಟೀಚರ್, ಕೆನ್ಯಾದ ಮಿಸ್ ನ್ಯಾಂಬುರ, ಹಿಂದಿನ ಬೆಂಚಿನಿಂದ ಎಬ್ಬಿಸಿ ಓದಿಸಿದ್ದರು. ಓದಿಸಿ ಓದಿಸಿ, ಅಬುಧಾಬಿಯಲ್ಲಿ ನಡೆಯುವ ಶಾಲೆ ಶಾಲೆಗಳ ನಡುವಿನ ಕವಿತಾ ವಾಚನಕ್ಕೆ ಆರಿಸಿಯೂಬಿಟ್ಟರು. ಹುಡುಗಿ ಬಾಯಿ ತೆರೆದರೆ "ಮಿಸ್ ಹೇಳಿದ್ರು", ಬಾಯಿ ಮುಚ್ಚಿದರೆ ಕವಿತೆ. ಕವಿತೆ ಕೆನ್ಯಾದ್ದೇ. ಬಿಳಿಯರು ಬಂದು ಹೊಲ ಕಸಿದುಕೊಂಡದ್ದು, ತನ್ನ ಹೊಲದಲ್ಲೇ ತಾನು ಕೂಲಿಯಾದದ್ದು, ಆದರೂ ಒಂದು ದಿನ ಬರುತ್ತದೆ ಎಂದು ಕಾದದ್ದು. ಪ್ರತಿ ಚರಣದ ಕೊನೆಗೆ ಒಂದು ಸ್ವಾಹಿಲಿ ಮಾತು ಬರುತ್ತದೆ: "ತುತಾಫಿಕ."

"ಮಾಂಯ್, ತುತಾಫಿಕ ಸರಿಯಾಗಿ ಹೇಳಿಕೊಡಿ ಪ್ಲೀಸ್" ಎಂದು ನತಾಶಾ ಅಜ್ಜಿಯ ಹತ್ತಿರ ಬಂದಳು. ಆ ಮನೆಯಲ್ಲಿ ಮಗ, ಸೊಸೆ, ಮೊಮ್ಮಗಳು ಎಲ್ಲರಿಗೂ ಅವರು ಮಾಂಯ್.

ಡೆಲ್ಫಿನ್ ಬಾಯಿ ಬೆಳ್ಳುಳ್ಳಿ ಸುಲಿಯುತ್ತಿದ್ದವರು ತಲೆ ಎತ್ತಿದರು. "ಎಂತದು?"

"ತುತಾಫಿಕ. ನಾವು ತಲುಪುತ್ತೇವೆ ಅಂತ. ನಿಮಗೆ ಗೊತ್ತಿಲ್ವಾ?"

"ಗೊತ್ತಿಲ್ಲದೆ ಎಂತ! ಇದು ಮೊಂಬಾಸಾ ಕಡೆಯದ್ದು ಪುತಾ. ನಮ್ಮ ನಕೂರಿದ್ದು ಬೇರೆ."

ನತಾಶಾ ನಂಬಿದಳು. ಮಂಗಳೂರಿನ ಕೊಂಕಣಿ ಬೇರೆ, ಗೋವಾದ್ದು ಬೇರೆ ಅಲ್ಲವೇ, ಹಾಗೆ ಇರಬೇಕು ಅಂದುಕೊಂಡಳು. ಮರುದಿನ ಶಾಲೆಯಲ್ಲಿ ಮಿಸ್ ಹತ್ತಿರ ಹೇಳಿಯೂ ಬಂದಳು, ನನ್ನ ಅಜ್ಜಿ ಹುಟ್ಟಿದ್ದು ನಕೂರಿನಲ್ಲಿ, ಸ್ವಾಹಿಲಿ ಬರುತ್ತದೆ ಅಂತ. ಮಿಸ್ ನ್ಯಾಂಬುರ ಎರಡೂ ಕೈ ಕೆನ್ನೆಗಿಟ್ಟುಕೊಂಡರಂತೆ. ಅವರ ತಾಯಿಯ ಮನೆ ನಕೂರಿನ ಹತ್ತಿರವಂತೆ.

"ಹಾಗಾದ್ರೆ ಊಟಕ್ಕೆ ಕರಿ!" ಅಂದ ಯುಜಿನ್. "ಭಾನುವಾರ. ಮಾಂಯ್ ಮತ್ತು ಅವರು ಸ್ವಾಹಿಲಿಯಲ್ಲಿ ಮಾತಾಡಿಕೊಳ್ಳಲಿ, ನಾವು ಕೇಳುವ."

"ಕರೆಯೋದು ನೀವು, ಮಾಡೋದು ಯಾರು?" ಅಂದಳು ರೋಸಿ.

ಮಾಡುವವಳು ಯಾರು ಎಂದು ಕೇಳಬೇಕೇ? ಶನಿವಾರ ಡ್ಯೂಟಿ ಮುಗಿಸಿ ಬಂದವಳು ಯೂನಿಫಾರ್ಮಿನಲ್ಲೇ ಇಡ್ಲಿಯಂಥ ಸಾನ್ನಾಂಗೆ ಅಕ್ಕಿ ಕಡೆದಳು, ಮಾಂಸದ ಬಫಾತಿಗೆ ಮಸಾಲೆ ಹುರಿದಳು. ಡೆಲ್ಫಿನ್ ಬಾಯಿ ಅಡುಗೆಮನೆಯ ಸ್ಟೂಲಿನಲ್ಲಿ ಕೂತು, "ಆ ಪಾತ್ರೆ ತಾ. ಇದಲ್ಲ, ಅದು. ಬೇಗ. ಗ್ಯಾಸ್ ಸಣ್ಣ ಮಾಡು. ಬಾಗಿಲು ಹಾಕು, ಹೊಗೆ ಒಳಗೆಲ್ಲ ಹೋಗ್ತದೆ" ಎನ್ನುತ್ತಿದ್ದರು.

"ಮಾಂಯ್, ನನಗೆ ಎರಡೇ ಕೈ ಇರೋದು."

"ನಾನೆಂತ ಹೇಳಿದೆ ಈಗ? ಮಾತಾಡಿದ್ರೂ ತಪ್ಪಾ?"

ಒಂದು ಕೆಲಸ ಮಾತ್ರ ಡೆಲ್ಫಿನ್ ಬಾಯಿ ಯಾರಿಗೂ ಬಿಡಲಿಲ್ಲ. ಮಂದಾಜಿ. ಮೈದಾಹಿಟ್ಟಿಗೆ ತೆಂಗಿನಹಾಲು, ಏಲಕ್ಕಿ ಹಾಕಿ ಕಲಸಿ, ತ್ರಿಕೋನ ಕತ್ತರಿಸಿ ಎಣ್ಣೆಗೆ ಬಿಟ್ಟರೆ ದಿಂಬಿನ ಹಾಗೆ ಉಬ್ಬುವ ಆಫ್ರಿಕಾದ ತಿಂಡಿ. ಕ್ರಿಸ್ಮಸ್ಸಿಗೆ ಉಳಿದವರ ಕುಸ್ವಾರಿನ ತಿಂಡಿ ತಟ್ಟೆಯಲ್ಲಿ ಕಲ್‌ಕಲ್, ನೆವ್ರಿ ಇದ್ದರೆ ಇವರ ಮನೆಯದ್ದರಲ್ಲಿ ಮಂದಾಜಿಯೂ ಇರುತ್ತಿತ್ತು.

ಭಾನುವಾರ ಮಿಸ್ ನ್ಯಾಂಬುರ ಬಂದರು. ಮೂವತ್ತೈದರ ಆಸುಪಾಸು, ಹಳದಿ ಗೌನು, ಕೈಯಲ್ಲಿ ಹಣ್ಣಿನ ಬುಟ್ಟಿ. ಒಳಗೆ ಬಂದವರು ಸೀದಾ ಡೆಲ್ಫಿನ್ ಬಾಯಿಯ ಎದುರು ನಿಂತು, ಸ್ವಲ್ಪ ಬಾಗಿ, "ಶಿಕಮೂ" ಅಂದರು.

ಡೆಲ್ಫಿನ್ ಬಾಯಿ ನಕ್ಕರು. ಮಿಸ್ ಕಾದರು. ಯುಜಿನ್ ಕಾದ.

"ಹಿರಿಯರಿಗೆ ಮಾಡುವ ನಮಸ್ಕಾರ ಅದು" ಎಂದು ಮಿಸ್ಸೇ ನತಾಶಾ ಕಡೆ ತಿರುಗಿ ಇಂಗ್ಲಿಷಿನಲ್ಲಿ ಹೇಳಿದರು. "ಅವರು ಮರಹಬ ಅನ್ನಬೇಕು."

"ಹಾಂ, ಹಾಂ, ಮರಹಬ" ಅಂದರು ಡೆಲ್ಫಿನ್ ಬಾಯಿ.

"ವಯಸ್ಸಾಯ್ತಲ್ಲ ಮಿಸ್, ಸ್ವಲ್ಪ ಮರೆತಿದೆ" ಅಂದ ಯುಜಿನ್. "ಮಾಂಯ್, ಹೇಳಿ ಮಾರಾಯ್ರೆ! ನೀವು ಮಾತಾಡುವ ಹಾಗೆ ಮಾತಾಡಿ. ನಾಚಿಕೆ ಎಂತಕ್ಕೆ?"

ಮಗ ಊರೆಲ್ಲ ಹೊಗಳಿದ ಮೇಲೆ ತಾಯಿ ಸುಮ್ಮನೆ ಕೂರುವುದು ಹೇಗೆ? ಡೆಲ್ಫಿನ್ ಬಾಯಿ ಸೋಫಾದಲ್ಲಿ ನೆಟ್ಟಗೆ ಕೂತರು. ಕೈ ತಟ್ಟಿದರು. ಮುಖಕ್ಕೆ ಒಂದು ಹುಡುಗಿಯ ಗತ್ತು ಬಂತು.

"ವೆವೆ! ಕೂಜ ಹಪ! ಲೆತೆ ಮಾಜಿ! ಹರಾಕ, ಹರಾಕ! ಫುಂಗ ಮ್ಲಾಂಗೊ! ನ್ಯಾಮಾಜ!"

ಎಲ್ಲೂ ತಡವರಿಸದೆ ಹೇಳಿದರು. ಯುಜಿನ್ ಚಪ್ಪಾಳೆ ತಟ್ಟಿದ. "ನೋಡಿದ್ರಾ! ಎಂತ ಫ್ಲೋ! ಮಿಸ್, ಅರ್ಥ ಹೇಳಿ, ನಮಗೂ ಗೊತ್ತಾಗಲಿ."

ಮಿಸ್ ನ್ಯಾಂಬುರ "ಬೇಡ, ಊಟ ಮಾಡುವ" ಅಂದರು.

"ಪ್ಲೀಸ್ ಮಿಸ್" ಅಂದಳು ನತಾಶಾ.

ತಾವು ಹಿಂದಿನ ಬೆಂಚಿನಿಂದ ಎಬ್ಬಿಸಿದ ಹುಡುಗಿ ಕೇಳಿದಳಲ್ಲ, ಮಿಸ್ ಹೇಳಿದರು. ದನಿ ಏರಿಸಲಿಲ್ಲ, ಕ್ಲಾಸಿನಲ್ಲಿ ಶಬ್ದಾರ್ಥ ಹೇಳುವ ಹಾಗೆ ಒಂದೊಂದಾಗಿ. "ಏ ನೀನು, ಇಲ್ಲಿ ಬಾ. ನೀರು ತಾ. ಬೇಗ, ಬೇಗ. ಬಾಗಿಲು ಹಾಕು. ಬಾಯಿ ಮುಚ್ಚು."

ಯುಜಿನ್‌ನ ನಗು ಅರ್ಧಕ್ಕೆ ನಿಂತಿತು. ನಕ್ಕ ಬಾಯಿಯನ್ನು ಎಲ್ಲಿ ಇಟ್ಟುಕೊಳ್ಳುವುದೆಂದು ಅವನಿಗೆ ತಿಳಿಯಲಿಲ್ಲ. ನತಾಶಾ ಕಾರ್ಪೆಟ್ ನೋಡಿದಳು. ನೀರಿನ ಜಗ್ಗು ಮಿಸ್ ಪಕ್ಕದಲ್ಲೇ ಇತ್ತು. ಹಿರಿಯರು ನೀರು ಕೇಳಿದ್ದಾರೆ ಎಂಬುದನ್ನು ಅವರು ನಿಜವೆಂದೇ ತೆಗೆದುಕೊಂಡರೋ, ಆ ಮೌನವನ್ನು ಮುಚ್ಚಲಿಕ್ಕೆ ಮಾಡಿದರೋ, ಒಂದು ಗ್ಲಾಸು ಬಗ್ಗಿಸಿ ಎರಡು ಕೈಯಿಂದ ಡೆಲ್ಫಿನ್ ಬಾಯಿಗೆ ಕೊಟ್ಟರು. ಡೆಲ್ಫಿನ್ ಬಾಯಿ ತೆಗೆದುಕೊಂಡು ಕುಡಿದು, ಖಾಲಿ ಗ್ಲಾಸನ್ನು ಮುಖ ನೋಡದೆ ವಾಪಸು ಚಾಚಿದರು. ಥ್ಯಾಂಕ್ಸ್ ಇಲ್ಲ, ಏನಿಲ್ಲ. ರೋಸಿ ಓಡಿ ಬಂದು ಗ್ಲಾಸು ಕಸಿದುಕೊಳ್ಳುವಷ್ಟರಲ್ಲಿ ಮಿಸ್ ಅದನ್ನು ತೆಗೆದುಕೊಂಡು ಆಗಿತ್ತು.

ಊಟ ನಡೆಯಿತು, ನಡೆಯದೆ ಎಲ್ಲಿಗೆ ಹೋಗುತ್ತದೆ. ಸಾನ್ನಾಂ ಮೆತ್ತಗಾಗಿದೆ, ಬಫಾತ್ ಚೆನ್ನಾಗಿದೆ ಎಂದು ಎಲ್ಲರೂ ಬೇಕಾದ್ದಕ್ಕಿಂತ ಹೆಚ್ಚು ಸಲ ಹೇಳಿದರು. ಕೊನೆಗೆ ಮಂದಾಜಿ ಬಂದಾಗ ಮಿಸ್ ಮುಖ ಅರಳಿತು. ಒಂದು ತಿಂದು ಇನ್ನೊಂದು ತೆಗೆದುಕೊಂಡರು.

"ನನ್ನ ತಾಯಿ ಮಾಡಿದ ಹಾಗೇ ಇದೆ. ಯಾರು ಕಲಿಸಿದ್ದು ನಿಮಗೆ?"

"ನಮ್ಮ ಬೋಯ್" ಅಂದರು ಡೆಲ್ಫಿನ್ ಬಾಯಿ, ಮತ್ತೆ ಧೈರ್ಯ ಬಂದವರ ಹಾಗೆ. "ಅಡುಗೆಗಿದ್ದ. ನನ್ನನ್ನು ಭುಜದ ಮೇಲೆ ಕೂರಿಸಿ ಕಾನ್ವೆಂಟಿಗೆ ಬಿಡ್ತಿದ್ದ. ನನಗೆ ಮಲೇರಿಯ ಬಂದಾಗ ಮಂಚದ ಹತ್ತಿರವೇ ನೆಲದಲ್ಲಿ ಮಲಗ್ತಿದ್ದ. ಒಳ್ಳೆ ಬೋಯ್."

"ಎಷ್ಟು ವಯಸ್ಸಿನ ಹುಡುಗ?"

"ಹುಡುಗನಾ? ಅಲ್ಲಪ್ಪ. ತಲೆ ಎಲ್ಲ ಬೆಳ್ಳಗೆ. ನಮ್ಮ ಅಪ್ಪನಿಗಿಂತ ದೊಡ್ಡವ."

ಮಿಸ್ ನ್ಯಾಂಬುರ ಕೈಯಲ್ಲಿದ್ದ ಮಂದಾಜಿಯನ್ನು ಮುಗಿಸಿದರು. ಕೈ ತೊಳೆದರು. ರೋಸಿ ಕಟ್ಟಿಕೊಟ್ಟ ಡಬ್ಬಿ ತೆಗೆದುಕೊಂಡು, ಎಲ್ಲರಿಗೂ ಥ್ಯಾಂಕ್ಸ್ ಹೇಳಿ, ನತಾಶಾಳ ತಲೆ ಸವರಿ ಹೊರಟರು. ಬೈದಿದ್ದರೆ ಎಷ್ಟೋ ವಾಸಿ ಇತ್ತು.

ಬಾಗಿಲು ಹಾಕಿದ್ದೇ ತಡ, ಹುಡುಗಿಯ ಗಂಟಲು ಬಿಟ್ಟಿತು. "ಮಾಂಯ್, ಯು ಇನ್ಸಲ್ಟೆಡ್ ಹರ್! ನನ್ನ ಮಿಸ್‌ನಿಂದ ನೀರು ತರಿಸಿಕೊಂಡ್ರಿ!"

"ನಾನೆಲ್ಲಿ ತರಿಸಿದೆ? ಅವಳೇ ಕೊಟ್ಟದ್ದು. ನಿನ್ನ ಅಪ್ಪ ಹೇಳು ಅಂದ, ಹೇಳಿದೆ. ನನಗೆ ಬರುವ ಸ್ವಾಹಿಲಿ ಅದೇ."

"ಅಷ್ಟೇನಾ? ಅಷ್ಟು ವರ್ಷ ಇದ್ದು? ಊಟ ಆಯ್ತಾ ಅಂತ ಕೇಳೋಕೆ ಬರಲ್ವಾ?"

"ಯಾರ ಹತ್ತಿರ ಕೇಳ್ಬೇಕಿತ್ತು?" ಡೆಲ್ಫಿನ್ ಬಾಯಿಗೂ ಸಿಟ್ಟು ಬಂತು. "ನಿನಗೆ ಎಂತ ಗೊತ್ತುಂಟು? ನಾವೇನು ರಾಜರಾಗಿದ್ವಾ ಅಲ್ಲಿ? ರೈಲಲ್ಲಿ ಬಿಳಿಯರಿಗೆ ಫಸ್ಟ್ ಕ್ಲಾಸು, ನಮಗೆ ಸೆಕೆಂಡು. ಅವರ ಕ್ಲಬ್ಬಿನ ಗೇಟೂ ನಾವು ದಾಟುವ ಹಾಗಿರಲಿಲ್ಲ. ನಮ್ಮಪ್ಪ ನಿನ್ನೆ ಮೊನ್ನೆ ಬಂದ ಬಿಳಿ ಹುಡುಗನಿಗೂ ಸರ್ ಸರ್ ಅನ್ಬೇಕಿತ್ತು. ಮನೆಗೆ ಬಂದು ಅಳ್ತಿದ್ದ!"

"ಮತ್ತೆ ಥರ್ಡ್ ಕ್ಲಾಸ್ ಯಾರಿಗೆ?"

"ನತಾಶಾ, ಖಲಾಸ್, ಸಾಕು!" ಎಂದು ಯುಜಿನ್ ಗದರಿದ. "ಆ ಕಾಲ ಹಾಗಿತ್ತು. ಎಲ್ಲರೂ ಹಾಗೇ ಇದ್ದರು. ವಯಸ್ಸಾದವರ ಮೇಲೆ ಕಿರುಚ್ತೀಯಾ?"

"ಚಪ್ಪಾಳೆ ಹೊಡೆದದ್ದು ನೀವು" ಅಂದಳು ರೋಸಿ, ತಟ್ಟೆ ಎತ್ತುತ್ತಾ. "ಆ ಕಾಲದಲ್ಲಿ ಅಲ್ಲ. ಇವತ್ತು, ಊಟಕ್ಕೆ ಮುಂಚೆ."

ಯುಜಿನ್ ಬಾಲ್ಕನಿಗೆ ಹೋಗಿ ಒಣಗಿದ್ದ ಬಟ್ಟೆ ತೆಗೆಯತೊಡಗಿದ. ಮದುವೆಯಾದಾಗಿನಿಂದ ಅವನು ಆ ಕೆಲಸ ಮಾಡಿದ್ದನ್ನು ರೋಸಿ ಕಂಡಿರಲಿಲ್ಲ.

"ನೀವು ಅಬುಧಾಬಿಗೆ ಬರೋದು ಬೇಡ ಮಾಂಯ್" ಅಂದಳು ನತಾಶಾ. ಕಿರುಚಲಿಲ್ಲ. "ನನಗೆ ನಾಚಿಕೆ ಆಗ್ತದೆ."

ಡೆಲ್ಫಿನ್ ಬಾಯಿ ವೀಸಾ ಮುಗಿಯುವ ಮೊದಲು ನೋಡಬೇಕೆಂದು ಆಸೆಪಟ್ಟದ್ದು ಅದೊಂದೇ, ಮೊಮ್ಮಗಳು ಸ್ಟೇಜಿನಲ್ಲಿ ನಿಲ್ಲುವುದು. ಮಂಗಳೂರಿನಿಂದ ತಂದ ಹೊಸ ಸೀರೆಯನ್ನು ಅದಕ್ಕೆಂದೇ ತೆಗೆದಿಟ್ಟಿದ್ದರು. ಅವರು ಎದ್ದು ಒಳಗೆ ಹೋಗಿ ಜಪಸರ ಹಿಡಿದು ಕೂತರು.

ಮರುದಿನದಿಂದ ನತಾಶಾ ಸೆಕ್ಯೂರಿಟಿಯವನ ಎದುರು ಹೋಗಲಾರದೆ ಬೇಸ್‌ಮೆಂಟಿನ ಪಾರ್ಕಿಂಗಿನಿಂದ ಹೊರಗೆ ಹೋಗತೊಡಗಿದಳು. ಶಾಲೆಯಲ್ಲಿ ಮಿಸ್ ಹತ್ತಿರ ಹೋಗಿ, ನನಗೆ ಈ ಕವಿತೆ ಬೇಡ, ಬೇರೆ ಯಾರಿಗಾದರೂ ಕೊಡಿ ಎಂದಳು. ಮನೆಗೆ ಬಂದು ಅದನ್ನು ತಾಯಿಯ ಹತ್ತಿರ ಹೇಳುವಾಗ ಅತ್ತಳು.

"ಮಿಸ್ ಎಂತ ಹೇಳಿದ್ರು?" ಅಂತ ರೋಸಿ ಕೇಳಿದಳು.

"ಕವಿತೆ ತಪ್ಪೇ ಮಾಡದ ಮನೆಯ ಮಕ್ಕಳಿಗೆ ಮಾತ್ರ ಅಂತ ಬರೆದದ್ದಲ್ಲ ಅಂದ್ರು. ನಾಳೆ ಬಾ, ಪ್ರಾಕ್ಟೀಸ್ ಉಂಟು ಅಂದ್ರು."

"ಹಾಗಾದ್ರೆ ಹೋಗು."

"ಹೇಗೆ ಮಮ್ಮಾ? ಹೊಲ ಕಸಿದುಕೊಂಡವರು ಅಂತ ಹೇಳುವಾಗ ಮಿಸ್ ನನ್ನ ಮುಖ ನೋಡ್ತಾರೆ. ನಾನು ಎಲ್ಲಿ ನೋಡ್ಲಿ?"

ರೋಸಿ ಮಗಳ ತಲೆಗೆ ಎಣ್ಣೆ ಹಚ್ಚಿ ಜಡೆ ಹಾಕಿದಳು. ಮರುದಿನ ನತಾಶಾ ಪ್ರಾಕ್ಟೀಸಿಗೆ ಹೋದಳು.

ಡೆಲ್ಫಿನ್ ಬಾಯಿ ಈಗ ನೀರು ಬೇಕಾದರೆ ತಾವೇ ಎದ್ದು ಹೋಗುತ್ತಿದ್ದರು, ಗೋಡೆ ಹಿಡಿದುಕೊಂಡು. ರೋಸಿ "ಕೂತ್ಕೊಳ್ಳಿ, ನಾನು ತರ್ತೇನೆ" ಎಂದರೆ, "ಬೇಡ" ಎನ್ನುತ್ತಿದ್ದರು. ಸ್ವಲ್ಪ ಹಟವೂ ಇತ್ತು ಅದರಲ್ಲಿ, ಇಲ್ಲವೆನ್ನಲಾಗದು. ಮುದುಕರ ಹಟ ಅಷ್ಟು ಬೇಗ ಕರಗುತ್ತದಾ? ಒಮ್ಮೆ ಹೀಗೆ ಹೋದವರು ಅಡುಗೆಮನೆಯ ಬಾಗಿಲಲ್ಲೇ ನಿಂತರು.

"ರೋಸಿ, ನಿನ್ನ ಕ್ಲಿನಿಕ್ಕಿನಲ್ಲಿ ಆ ಕಡೆಯವರು ಯಾರಾದ್ರೂ ಇದ್ದಾರಾ?"

"ಒಬ್ಬಳು ಕೆನ್ಯಾದ ಸಿಸ್ಟರ್ ಇದ್ದಾಳೆ. ಎಂತಕ್ಕೆ?"

"ಕ್ಷಮಿಸಿ ಅನ್ಲಿಕ್ಕೆ ಎಂತ ಹೇಳ್ಬೇಕು ಅಂತ ಕೇಳಿಕೊಂಡು ಬಾ."

ರೋಸಿ ಕೇಳಿಕೊಂಡು ಬಂದಳು. ಸಮಹಾನಿ. ಡೆಲ್ಫಿನ್ ಬಾಯಿಗೆ ಆ ಒಂದು ಮಾತು ನಾಲಗೆಗೆ ಹತ್ತಲಿಲ್ಲ. ಸಮಾನಿ ಎಂದರು, ಸಹಮಾನಿ ಎಂದರು. ಚಿಕ್ಕವರಿದ್ದಾಗ ಆಡಿದ ಹತ್ತಿಪ್ಪತ್ತು ಮಾತು ಅರವತ್ತು ವರ್ಷವಾದರೂ ಕತ್ತಿಯ ಹಾಗೆ ಹರಿತವಾಗಿದ್ದವು. ಇದು ಬೆಳಿಗ್ಗೆ ಕಲಿತರೆ ಮಧ್ಯಾಹ್ನಕ್ಕೆ ಇಲ್ಲ. ಬಟ್ಟೆ ಮಡಚುವಾಗ, ಅಕ್ಕಿ ಆರಿಸುವಾಗ ಬಾಯಲ್ಲೇ ಹೇಳಿಕೊಳ್ಳುತ್ತಿದ್ದರು. ಒಂದು ಸಂಜೆ ನತಾಶಾ ಅದನ್ನು ಕೇಳಿಸಿಕೊಂಡಳು. ಏನೂ ಹೇಳದೆ ರೂಮಿಗೆ ಹೋದವಳು ಸ್ವಲ್ಪ ಹೊತ್ತಿಗೆ ಹೊರಗೆ ಬಂದಳು.

"ಬನ್ನಿ ಬೇಕಾದ್ರೆ ಅಬುಧಾಬಿಗೆ" ಅಂದಳು. "ಬಟ್ ಡೋಂಟ್ ಕಾಲ್ ಎನಿವನ್. ಕೈ ತಟ್ಟಬೇಡಿ."

"ಇಲ್ಲ ಪುತಾ" ಅಂದರು ಡೆಲ್ಫಿನ್ ಬಾಯಿ. ಮೊಮ್ಮಗಳು ಅಷ್ಟು ಎಚ್ಚರಿಕೆ ಹೇಳಿ ಕರೆದುಕೊಂಡು ಹೋಗುವಂತಾಯಿತಲ್ಲ ಎಂದು ಅವರಿಗೆ ಕಣ್ಣಲ್ಲಿ ನೀರು ಬಂತು.

ಅಬುಧಾಬಿಯ ಆ ಶಾಲೆಯ ಸಭಾಂಗಣದ ಹೊರಗೆ ಮಕ್ಕಳು, ತಂದೆತಾಯಿಗಳು, ಸಮೋಸ, ಜ್ಯೂಸು, ಗದ್ದಲ. ನತಾಶಾ ಗೋಡೆಗೆ ಒರಗಿ ಕಣ್ಣು ಮುಚ್ಚಿ ಕವಿತೆ ಹೇಳಿಕೊಳ್ಳುತ್ತಿದ್ದಳು. ಮಿಸ್ ನ್ಯಾಂಬುರ ಬಂದು ಅವಳ ಕಾಲರ್ ಸರಿಮಾಡಿದರು. ಡೆಲ್ಫಿನ್ ಬಾಯಿ ಯುಜಿನ್‌ನ ಕೈ ಬಿಡಿಸಿಕೊಂಡು ಮುಂದೆ ಬಂದರು.

"ಮಾಂಯ್, ಈಗ ಬೇಡ" ಅಂದ ಯುಜಿನ್.

ಅವರು ಕೇಳಲಿಲ್ಲ. ಮಿಸ್ ಎದುರು ನಿಂತರು. ಎರಡು ಸಲ ಬಾಯಿ ತೆರೆದು ಮುಚ್ಚಿದರು. "ಸಮಹಾನಿ" ಅಂದರು ಕೊನೆಗೆ, ಸರಿಯಾಗಿ. ಆಮೇಲೆ ಇಂಗ್ಲಿಷಿನಲ್ಲಿ, "ನಾನು ನಮ್ಮ ಬೋಯ್ ಹತ್ತಿರ ಮಾತಾಡಿದ ಹಾಗೆ ನಿಮ್ಮ ಹತ್ತಿರ ಮಾತಾಡಿದೆ. ಅವನ ಹತ್ತಿರವೂ ಹಾಗೆ ಮಾತಾಡಬಾರದಿತ್ತು."

ಮಿಸ್ ನ್ಯಾಂಬುರ ಅವರ ಎರಡೂ ಕೈ ಹಿಡಿದುಕೊಂಡರು. "ಗ್ರ್ಯಾಂಡ್‌ಮಾ, ನನಗೆ ಹೇಳಿದ್ದನ್ನು ನಾನು ತೆಗೆದುಕೊಂಡೆ. ಅವರಿಗೆ ಹೇಳಬೇಕಾದ್ದನ್ನು ನಾನು ತೆಗೆದುಕೊಳ್ಳುವ ಹಾಗಿಲ್ಲ. ಅವರು ತೀರಿಹೋಗಿರಬೇಕು. ಆದರೂ ಅವರ ಹೆಸರು ಹಿಡಿದು ಹೇಳಿ. ಏನು ಅವರ ಹೆಸರು?"

ಡೆಲ್ಫಿನ್ ಬಾಯಿ ಹೇಳಲು ಹೊರಟರು. ತುಟಿ ಆಡಿತು. ಯುಜಿನ್ ತಾಯಿಯ ಮುಖ ನೋಡಿದ, ರೋಸಿ ನೋಡಿದಳು, ಗೋಡೆಯ ಹತ್ತಿರದಿಂದ ನತಾಶಾ ನೋಡಿದಳು. ಭುಜದ ಮೇಲೆ ಕೂರಿಸಿಕೊಂಡವನ ಕುತ್ತಿಗೆಯ ಬೆವರು ನೆನಪಿತ್ತು. ಕಾಲಿಗೆ ಚಪ್ಪಲಿ ಇಲ್ಲದ್ದು ನೆನಪಿತ್ತು. ಹಡಗಿಗೆ ಹೊರಟ ದಿನ ಅವನು ಅಡುಗೆಮನೆಯ ಮೆಟ್ಟಿಲಲ್ಲಿ ಕೂತು ಅತ್ತದ್ದೂ ನೆನಪಿತ್ತು.

"ನಾವು ಬೋಯ್ ಅಂತ ಕರೀತಿದ್ವಿ" ಅಂದರು.

"ಅದಲ್ಲ. ಹೆಸರು."

"ಗೊತ್ತಿಲ್ಲ." ಅವರ ದನಿ ಕುಸಿಯಿತು. "ನಾನು ಕೇಳ್ಲೇ ಇಲ್ಲ. ನಮ್ಮ ಮನೆಯಲ್ಲಿ ಯಾರೂ ಕೇಳ್ಲಿಲ್ಲ."

ಮಿಸ್ ಹಿಡಿದ ಕೈ ಬಿಡಲಿಲ್ಲ, ಒಳಗಿನಿಂದ ನತಾಶಾಳ ಶಾಲೆಯ ಹೆಸರು ಕೂಗುವವರೆಗೂ.

ಹುಡುಗಿ ಸ್ಟೇಜಿನಲ್ಲಿ ನಿಂತಳು. ಗಂಟಲು ಕಟ್ಟುತ್ತದೆ ಎಂದು ರೋಸಿ ಉಸಿರು ಬಿಗಿಹಿಡಿದಿದ್ದಳು. ಕಟ್ಟಲಿಲ್ಲ. ಅವಳು ಜನರತ್ತ ನೋಡಲಿಲ್ಲ, ಬಹುಮಾನ ಕೊಡುವವರತ್ತಲೂ ನೋಡಲಿಲ್ಲ. ಅಜ್ಜಿಯನ್ನೇ ನೋಡುತ್ತಾ ಹೇಳಿದಳು. ಅವರು ನಮ್ಮ ಗುಡ್ಡಕ್ಕೆ ತಮ್ಮ ಹೆಸರಿಟ್ಟರು, ಗುಡ್ಡ ಆ ಹೆಸರಿಗೆ ಓಗೊಡಲಿಲ್ಲ. ನಮ್ಮ ಬೆನ್ನ ಮೇಲೆ ಅವರ ಹೊರೆ ಇತ್ತು, ಹೊರೆಯ ಅಡಿಯಲ್ಲಿ ನಮ್ಮ ಹಾಡಿತ್ತು. ದಾರಿ ಅವರದ್ದು, ಕಾಲು ನಮ್ಮದು. ತುತಾಫಿಕ. ಪ್ರತಿ ಸಲ ಆ ಮಾತು ಬಂದಾಗ ಡೆಲ್ಫಿನ್ ಬಾಯಿ ತಲೆ ತಗ್ಗಿಸಿದರು. ಸುತ್ತಲಿನವರು ಅಜ್ಜಿ ಪ್ರಾರ್ಥನೆ ಮಾಡುತ್ತಿದ್ದಾರೆ ಅಂದುಕೊಂಡಿರಬೇಕು.

ಎರಡನೇ ಬಹುಮಾನ ಬಂತು. ಫೋಟೋಕ್ಕೆ ನಿಲ್ಲಿ ಎಂದು ಯುಜಿನ್ ಕರೆದ. ಡೆಲ್ಫಿನ್ ಬಾಯಿ ನಿಲ್ಲಲಿಲ್ಲ. ಅವನೂ ಒತ್ತಾಯ ಮಾಡಲಿಲ್ಲ.

ಕಾರಿನಲ್ಲಿ ವಾಪಸು ಬರುವಾಗ ಸಂಜೆಯ ಬಿಸಿಲು ರಸ್ತೆಯ ಒಂದು ಬದಿಗೆ ಬಿದ್ದಿತ್ತು. ಅಜ್ಜಿ ಮೊಮ್ಮಗಳು ಹಿಂದಿನ ಸೀಟಿನಲ್ಲಿದ್ದರು. ಅಬುಧಾಬಿಯ ಕಟ್ಟಡಗಳೆಲ್ಲ ಹಿಂದೆ ಹೋದ ಮೇಲೆ ಡೆಲ್ಫಿನ್ ಬಾಯಿ ಮೆಲ್ಲಗೆ ಕೇಳಿದರು.

"ನತಾಶಾ, ನಕೂರಿನ ಕಡೆ ಗಂಡಸರಿಗೆ ಎಂತೆಂತ ಹೆಸರಿಡ್ತಾರೆ?"

"ಎಂತಕ್ಕೆ ಮಾಂಯ್?"

"ಕೇಳಿದ್ರೆ ನೆನಪಾಗಬಹುದು. ಅವನನ್ನು ಹುಡುಕಿಕೊಂಡು ಯಾರೋ ಬರ್ತಿದ್ರು, ಅವನ ಹೆಂಡತಿಯೋ ತಂಗಿಯೋ. ಹಿತ್ತಿಲಲ್ಲಿ ನಿಂತು ಹೆಸರು ಹಿಡಿದು ಕರೀತಿದ್ಳು. ನನ್ನ ಕಿವಿಗೆ ಬಿದ್ದಿರ್ಬೇಕಲ್ಲ."

ನತಾಶಾ ಫೋನು ತೆಗೆದು ಹುಡುಕಿದಳು. ಆಮೇಲೆ ಅಜ್ಜಿಯ ಕಿವಿಯ ಹತ್ತಿರ ಬಾಗಿ ಓದತೊಡಗಿದಳು.

"ಕಮಾವು?"

"ಅಲ್ಲ."

"ಕರಿಯುಕಿ? ಮ್ವಾಂಗಿ?"

"ಅಲ್ಲ ಅನ್ಸುತ್ತದೆ."

"ಓಚಿಯೆಂಗ್? ವಫುಲ? ಕಿಪ್ರೊಟಿಚ್?"

ಡೆಲ್ಫಿನ್ ಬಾಯಿ ಪ್ರತಿ ಹೆಸರಿಗೂ ಕಣ್ಣು ಮುಚ್ಚಿ ಕಿವಿ ಕೊಟ್ಟು, ತಲೆ ಅಲ್ಲಾಡಿಸಿದರು. ಯುಜಿನ್ ಕೈ ಚಾಚಿ ಏಸಿಯ ಸದ್ದು ಕಡಿಮೆ ಮಾಡಿದ.

"ಮುತುವ?"

"ಅಲ್ಲ. ಇನ್ನೊಂದು ಹೇಳು ಪುತಾ."